ಮುಹೂರ್ತ ಆಯಿತು, ಕೆಲಸ ಯಾರಿಗೆ ಸಿಕ್ಕಿತು?

2023ರ ನವೆಂಬರ್ 27. ಆಗ ನಾನು ಬಿ.ಇ. ಮೊದಲ ಸೆಮಿಸ್ಟರ್. ಮರುದಿನ ಗಣಿತದ ಇಂಟರ್ನಲ್ಸ್ ಇದ್ದರೂ ಹಾಸ್ಟೆಲ್‌ನಲ್ಲಿ ಯಾರ ಕೈಯಲ್ಲೂ ಪುಸ್ತಕ ಇರಲಿಲ್ಲ. ಕುಂದಾಪುರ ಬಳಿಯ ಕುಂಭಾಶಿಯ ಆನೆಗುಡ್ಡೆ ಗಣಪತಿ ದೇವಸ್ಥಾನದಲ್ಲಿ ‘ಕಾಂತಾರ: ಅಧ್ಯಾಯ 1’ರ ಮುಹೂರ್ತ ನಡೆದಿತ್ತು. ಅದೇ ದಿನ ಬಂದ ಫಸ್ಟ್ ಲುಕ್ ಎಲ್ಲರ ಮೊಬೈಲ್‌ನಲ್ಲೂ ಓಡುತ್ತಿತ್ತು. ಕಥೆಯ ಲೆಕ್ಕದಲ್ಲಿ ಅದು ಮುಂದಿನ ಭಾಗವಲ್ಲ, ಮೊದಲ ಚಿತ್ರಕ್ಕೂ ಹಿಂದಿನ ಕಥೆ. ಆದರೆ ವ್ಯವಹಾರದ ಲೆಕ್ಕದಲ್ಲಿ ಅದು ಎರಡನೇ ಭಾಗವೇ.

ಆ ರಾತ್ರಿ ನನ್ನ ರೂಮ್‌ಮೇಟ್ ಹೇಳಿದ ಮಾತು ಈಗಲೂ ನೆನಪಿದೆ: ‘ಇನ್ನು ಮೇಲೆ ಎಲ್ಲಾ ಗ್ರಾಫಿಕ್ಸೇ ಕಣೋ. ನಮ್ಮಂಥವರಿಗೆ ಅಲ್ಲೇ ಕೆಲಸ’. ಮರುವರ್ಷ ಅವನು ಮನೆಯಿಂದ ಸಾಲ ಮಾಡಿಸಿ ಒಂದು ವಿಎಫ್‌ಎಕ್ಸ್ ಕೋರ್ಸ್‌ಗೆ ಸೇರಿಕೊಂಡ. ಅವನಂತೆ ಯೋಚಿಸುವವರು ಪ್ರತಿ ಕಾಲೇಜಿನಲ್ಲೂ ಇದ್ದಾರೆ. ಹಾಗಾಗಿ ಈ ಪ್ರಶ್ನೆಯನ್ನು ಅಭಿಮಾನ ಬದಿಗಿಟ್ಟು ಕೇಳಬೇಕು ಅನ್ನಿಸಿತು. ಒಂದು ದೊಡ್ಡ ಫ್ಯಾಂಟಸಿ ಚಿತ್ರದ ಮುಂದಿನ ಭಾಗದ ಚಿತ್ರೀಕರಣ ಶುರುವಾದರೆ ನಿಜವಾಗಿ ಯಾರಿಗೆ ಕೆಲಸ ಸಿಗುತ್ತದೆ? ಎಷ್ಟು ದಿನದ ಕೆಲಸ?

ಮೊದಲು ಲೆಕ್ಕ ನೋಡೋಣ. 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂದ ‘ಕಾಂತಾರ’ ಸುಮಾರು 16 ಕೋಟಿ ರೂಪಾಯಿಯಲ್ಲಿ ತಯಾರಾಗಿ 400 ಕೋಟಿ ಆಸುಪಾಸು ಗಳಿಸಿತು ಎಂದು ವರದಿಯಾಗಿತ್ತು. ಮೊದಲ ಭಾಗ ತೆಗೆಯುವಾಗ ನಿರ್ಮಾಪಕನಿಗೆ ಜನ ಬರುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ಎರಡನೆಯದಕ್ಕೆ ಜನ ಮೊದಲೇ ಕಾದಿರುತ್ತಾರೆ. ಆದ್ದರಿಂದ ಬಂಡವಾಳ, ಸೆಟ್, ತಂಡ ಎಲ್ಲವೂ ದೊಡ್ಡದಾಗುತ್ತವೆ. ಅಧ್ಯಾಯ 1ರ ಯುದ್ಧದ ದೃಶ್ಯಕ್ಕೆ 500ಕ್ಕೂ ಹೆಚ್ಚು ತರಬೇತಿ ಪಡೆದ ಹೋರಾಟಗಾರರೂ ಸೇರಿದಂತೆ ಸುಮಾರು 3000 ಜನ ದುಡಿದರು ಎಂದು ಚಿತ್ರತಂಡವೇ ಹೇಳಿಕೊಂಡಿತ್ತು. ಮುಹೂರ್ತದಿಂದ 2025ರ ಅಕ್ಟೋಬರ್ 2ರ ಬಿಡುಗಡೆಯವರೆಗೆ ಹಿಡಿದದ್ದು 22 ತಿಂಗಳು. ಇಷ್ಟು ದೀರ್ಘ ಕಾಲ ಒಂದು ತಾಲ್ಲೂಕಿನಲ್ಲಿ ಸಿನಿಮಾ ಕೆಲಸ ನಡೆದರೆ ಲಾಡ್ಜ್, ಕ್ಯಾಂಟೀನ್, ಜೀಪು, ಮರ, ಬಟ್ಟೆ ಎಂದು ಹಣ ಓಡಾಡುತ್ತದೆ. ಇದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಆದರೆ ಈ ಕೆಲಸದ ಸ್ವಭಾವ ಬೇರೆ. ನನ್ನ ಅಪ್ಪ ಮರಗೆಲಸದವರು. 2019ರಲ್ಲಿ ಮೂಡಿಗೆರೆ ಕಡೆ ನಡೆದ ಬೇರೊಂದು ಸಿನಿಮಾದ ಸೆಟ್‌ನಲ್ಲಿ ನಲವತ್ತು ದಿನ ದುಡಿದಿದ್ದರು. ದಿನದ ಕೂಲಿ ಊರಿನ ಕೂಲಿಗಿಂತ ಚೆನ್ನಾಗಿಯೇ ಇತ್ತು. ಮೊದಲ ಮೂವತ್ತು ದಿನದ ಹಣ ವಾರಕ್ಕೊಮ್ಮೆ ಕೈಸೇರಿತು. ಕೊನೆಯ ಹತ್ತು ದಿನದ್ದು ಬರಲು ಎಂಟು ತಿಂಗಳಾಯಿತು, ಅದೂ ಪೂರ್ತಿ ಅಲ್ಲ. ಯಾರನ್ನು ಕೇಳುವುದು? ಕರೆದುಕೊಂಡು ಹೋದ ಮೇಸ್ತ್ರಿ ಗುತ್ತಿಗೆದಾರನ ಕಡೆ ಕೈ ತೋರಿಸಿದ. ಗುತ್ತಿಗೆದಾರ ಮ್ಯಾನೇಜರ್ ಕಡೆ ತೋರಿಸಿದ. ಮ್ಯಾನೇಜರ್ ಅಷ್ಟು ಹೊತ್ತಿಗೆ ಇನ್ನೊಂದು ಚಿತ್ರದಲ್ಲಿದ್ದ. ಅಪ್ಪನ ಬಳಿ ಇದ್ದ ದಾಖಲೆ ಎಂದರೆ ಅವರೇ ಪೆನ್ಸಿಲ್‌ನಲ್ಲಿ ಬರೆದುಕೊಂಡ ಪಾಕೆಟ್ ಡೈರಿ ಮಾತ್ರ. ಆ ಚಿತ್ರ ಟಿ.ವಿ.ಯಲ್ಲಿ ಬಂದಾಗ ಅಪ್ಪ, ‘ಆ ಬಾಗಿಲು ನಾನೇ ಮಾಡಿದ್ದು’ ಎಂದು ತೋರಿಸಿದರು. ಅದರಲ್ಲಿ ಹೆಮ್ಮೆಯೂ ಇತ್ತು.

ಅದು ಮರ, ಮೊಳೆಯ ಕೆಲಸ. ನಾವು ಕಂಪ್ಯೂಟರ್ ಮುಂದೆ ಕೂರುವವರು, ನಮ್ಮದು ಬೇರೆ ಎಂದು ರೂಮ್‌ಮೇಟ್ ವಾದಿಸಿದ. ಬೇರೆ ಹೌದಾ?

ಬೆಂಗಳೂರು ಈ ಕ್ಷೇತ್ರಕ್ಕೆ ಹೊಸದಲ್ಲ. ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ಪಡೆದ 2016ರ ‘ದಿ ಜಂಗಲ್ ಬುಕ್’ ಚಿತ್ರದ ಕಾಡು, ಪ್ರಾಣಿಗಳ ಹಿಂದೆ ಎಂಪಿಸಿ ಸ್ಟುಡಿಯೊದ ಬೆಂಗಳೂರು ತಂಡದ ದುಡಿಮೆಯೂ ಇತ್ತು. ಅದೇ ಎಂಪಿಸಿ ಕೆಲಸ ಮಾಡಿದ ‘ಮುಫಾಸ’ 2024ರ ಡಿಸೆಂಬರ್‌ನಲ್ಲಿ ಜಗತ್ತಿನಾದ್ಯಂತ ತೆರೆಕಂಡಿತು. ಎರಡೇ ತಿಂಗಳಲ್ಲಿ, 2025ರ ಫೆಬ್ರುವರಿಯಲ್ಲಿ, ಅದರ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದುಬಿತ್ತು. ಭಾರತದಲ್ಲಿ ಸುಮಾರು 3000 ಮಂದಿಯ ಕೆಲಸಕ್ಕೆ ಕುತ್ತು ಬಂತು. ಅವರಲ್ಲಿ ಹೆಚ್ಚಿನವರು ಬೆಂಗಳೂರಿನಲ್ಲಿದ್ದವರು. ಇದು ಮೊದಲ ಸಲವೂ ಅಲ್ಲ. 2013ರ ಫೆಬ್ರುವರಿಯಲ್ಲಿ ‘ಲೈಫ್ ಆಫ್ ಪೈ’ ಚಿತ್ರದ ಹುಲಿಗೆ ಆಸ್ಕರ್ ಬಂದ ತಿಂಗಳಲ್ಲೇ ಅದನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆ ದಿವಾಳಿ ಅರ್ಜಿ ಹಾಕಿತ್ತು.

ಸಿನಿಮಾ ಗೆದ್ದರೂ ಅದನ್ನು ಮಾಡಿದವರು ಸೋಲುವುದು ಹೇಗೆ? ವಿಎಫ್‌ಎಕ್ಸ್ ಸ್ಟುಡಿಯೊಗಳಿಗೆ ಸಾಮಾನ್ಯವಾಗಿ ಚಿತ್ರದ ಲಾಭದಲ್ಲಿ ಪಾಲಿರುವುದಿಲ್ಲ. ಇಷ್ಟು ಶಾಟ್‌ಗೆ ಇಷ್ಟು ಹಣ ಎಂದು ಮೊದಲೇ ಬೆಲೆ ನಿಗದಿಯಾಗಿರುತ್ತದೆ. ಹತ್ತು ಸ್ಟುಡಿಯೊ ಪೈಪೋಟಿ ಮಾಡಿದಾಗ ಆ ಬೆಲೆ ಇಳಿಯುತ್ತದೆ. ನಿರ್ದೇಶಕರು ಆಮೇಲೆ ಬದಲಾವಣೆ ಕೇಳಿದರೆ ಅದರ ಹೊರೆ ಬಹುಪಾಲು ಸ್ಟುಡಿಯೊ ಮೇಲೆ, ಅಲ್ಲಿಂದ ರಾತ್ರಿಯಿಡೀ ಕೂರುವ ಹುಡುಗ ಹುಡುಗಿಯರ ಮೇಲೆ. ಒಂದು ಚಿತ್ರ ಮುಗಿದು ಇನ್ನೊಂದು ಬರುವುದು ತಡವಾದರೆ ಸಂಬಳಕ್ಕೇ ಹಣವಿಲ್ಲ. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ತಿಂಗಳುಗಟ್ಟಲೆ ಮುಷ್ಕರ ಮಾಡಿದಾಗ ಅಲ್ಲಿ ನಿಂತ ಕ್ಯಾಮೆರಾದ ಬಿಸಿ ಇಲ್ಲಿನ ಮೇಜುಗಳಿಗೂ ತಟ್ಟಿತು. ಅಂದರೆ ಅಪ್ಪನ ಪಾಕೆಟ್ ಡೈರಿಗೂ ನಮ್ಮ ಆಫರ್ ಲೆಟರ್‌ಗೂ ನಾವು ಅಂದುಕೊಂಡಷ್ಟು ದೂರವಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್ ಕ್ಷೇತ್ರಕ್ಕಾಗಿ ಕರ್ನಾಟಕ 2024ರಿಂದ 2029ರವರೆಗಿನ ನೀತಿ ರೂಪಿಸಿದೆ. 30,000 ಹೊಸ ಉದ್ಯೋಗಗಳ ಗುರಿ ಅದರಲ್ಲಿದೆ. 2025ರ ಬಜೆಟ್‌ನಲ್ಲಿ ಸಿನಿಮಾ ರಂಗಕ್ಕೆ ಉದ್ಯಮದ ಸ್ಥಾನ, ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿ ಘೋಷಣೆಯಾದವು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು 2024ರ ಇನ್ನೊಂದು ಕಾನೂನು. ಸಿನಿಮಾ ಟಿಕೆಟ್ ಹಾಗೂ ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕಿ, ಆ ಹಣದಲ್ಲಿ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರಿಗೆ ಕಲ್ಯಾಣ ನಿಧಿ ಮಾಡುವ ಕಾನೂನು ಅದು. ಆಗ ‘ಟಿಕೆಟ್ ಮತ್ತೆ ದುಬಾರಿ’ ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಅಪ್ಪನ ಡೈರಿ ನೆನಪಾದ ಮೇಲೆ ಆ ಗೊಣಗಾಟ ನಿಲ್ಲಿಸಿದೆ. 2024ರ ನವೆಂಬರ್‌ನಲ್ಲಿ ಜಡ್ಕಲ್ ಬಳಿ ಸಹಕಲಾವಿದರಿದ್ದ ಮಿನಿ ಬಸ್ ಮಗುಚಿ ಕೆಲವರು ಗಾಯಗೊಂಡ ಸುದ್ದಿ ಓದಿದಾಗಲೂ ಇದೇ ನಿಧಿ ನೆನಪಾಯಿತು. ದಿನಗೂಲಿಯವರಿಗೆ ಗಾಯವಾದರೆ ಆಸ್ಪತ್ರೆಯ ಬಿಲ್ ಜತೆಗೆ ಆ ದಿನಗಳ ಕೂಲಿಯೂ ನಷ್ಟ. ಆದರೆ ನಿಧಿ ಇದ್ದರೆ ಸಾಲದು, ಅದರಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಮೇಸ್ತ್ರಿಯ ಹಿಂದೆ ಹೋಗುವ ಬಡಗಿಗೆ ಆ ದಾರಿ ಯಾರು ಹೇಳಿಕೊಡುತ್ತಾರೆ?

ಇಲ್ಲಿ ನ್ಯೂಜಿಲೆಂಡ್‌ನ ಕಥೆ ಗಮನಿಸಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ನಂತರ ಅದರ ಹಿಂದಿನ ಕಥೆಯಾದ ‘ದಿ ಹಾಬಿಟ್’ ಚಿತ್ರೀಕರಣ ಅಲ್ಲಿ ಶುರುವಾಗಬೇಕಿತ್ತು. 2010ರಲ್ಲಿ ನಟರ ಸಂಘಟನೆ ಒಪ್ಪಂದದ ಪ್ರಶ್ನೆ ಎತ್ತಿತು. ಚಿತ್ರ ಬೇರೆ ದೇಶಕ್ಕೆ ಹೋಗಬಹುದು ಎಂಬ ಭಯ ಹುಟ್ಟಿತು. ಸರ್ಕಾರ ಅವಸರದಲ್ಲಿ ಕಾನೂನು ತಿದ್ದಿ, ಬೇರೆ ಒಪ್ಪಂದ ಇಲ್ಲದಿದ್ದರೆ ಸಿನಿಮಾ ಕೆಲಸಗಾರರು ನೌಕರರಲ್ಲ, ಗುತ್ತಿಗೆಯವರು ಎಂದು ಮಾಡಿತು. 2011ರ ಮಾರ್ಚ್‌ನಲ್ಲಿ ಚಿತ್ರೀಕರಣ ಆರಂಭವಾಯಿತು, ಪ್ರವಾಸಿಗರೂ ಬಂದರು. ಆದರೆ ಆ ಕೆಲಸಗಾರರಿಗೆ ಒಟ್ಟಾಗಿ ಚೌಕಾಸಿ ಮಾಡುವ ಹಕ್ಕು ಕೊಡಲು 2022ರಲ್ಲಿ ಮತ್ತೊಂದು ಕಾನೂನೇ ಬೇಕಾಯಿತು. ಚಿತ್ರ ನಮ್ಮಲ್ಲೇ ಆಗಲಿ ಎಂಬ ಆಸೆ ತಪ್ಪಲ್ಲ. ಆ ಆಸೆಯಲ್ಲಿ ಕೆಲಸಗಾರನ ಮಾತು ಕೇಳಿಸದೆ ಹೋದರೆ ಸರಿಪಡಿಸಲು ಹನ್ನೆರಡು ವರ್ಷ ಹಿಡಿಯುತ್ತದೆ.

ಹಾಗಾದರೆ ಈ ಕಡೆ ಹೋಗಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ನಾವು ತರಗತಿಯಲ್ಲಿ ‘ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಸರ್?’ ಎಂದು ಕೇಳುವ ಮ್ಯಾಟ್ರಿಕ್ಸ್ ಇಲ್ಲಿ ಪ್ರತಿದಿನ ಬೇಕು. ಕ್ಯಾಮೆರಾ ಚಲನೆಗೆ ಕಂಪ್ಯೂಟರ್ ಚಿತ್ರವನ್ನು ಹೊಂದಿಸಲು ಜ್ಯಾಮಿತಿ ಬೇಕು. ನೀರು, ಬೆಂಕಿ, ಹೊಗೆ ಮೂಡಿಸಲು ದ್ರವಚಲನೆಯ ಸಮೀಕರಣ ಬೇಕು. ಸಾವಿರಾರು ಶಾಟ್‌ಗಳ ಕಡತಗಳನ್ನು ಸಾಗಿಸುವ ವ್ಯವಸ್ಥೆಗೆ ಲಿನಕ್ಸ್, ಪೈಥಾನ್ ಬಲ್ಲವರು ಬೇಕು. ಈ ತಳಪಾಯ ಗಟ್ಟಿ ಇದ್ದವರು ಸಿನಿಮಾ ಕೆಲಸ ನಿಂತರೆ ಗೇಮಿಂಗ್‌ಗೋ ವಾಹನಗಳ ಸಿಮ್ಯುಲೇಷನ್‌ಗೋ ಹೋಗಬಲ್ಲರು. ಒಂದು ಸಾಫ್ಟ್‌ವೇರ್‌ನ ಬಟನ್‌ಗಳನ್ನಷ್ಟೇ ಕಲಿತವರಿಗೆ ಆ ದಾರಿ ಇಲ್ಲ. ಹೊಸಬರ ಮೊದಲ ಮೆಟ್ಟಿಲಾದ ರೋಟೊ ಕೆಲಸ, ಅಂದರೆ ಫ್ರೇಮ್ ಫ್ರೇಮಿನಲ್ಲೂ ವ್ಯಕ್ತಿಯ ಅಂಚು ಕತ್ತರಿಸುವ ಕೆಲಸ, ಈಗ ಎಐ ಪಾಲಾಗುತ್ತಿರುವುದನ್ನೂ ಮರೆಯುವಂತಿಲ್ಲ.

ಕೋರ್ಸ್‌ಗೆ ಹಣ ಕಟ್ಟುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳೂ ಸರಳವಾಗಿವೆ. ಇಲ್ಲಿ ಕಲಿತವರು ಒಂದು ವರ್ಷದ ನಂತರವೂ ಕೆಲಸದಲ್ಲಿದ್ದಾರೆಯೇ? ಕೆಲಸ ಕಾಯಂ ನೌಕರಿಯೋ, ಒಂದು ಪ್ರಾಜೆಕ್ಟ್‌ಗೋ? ಹೆಚ್ಚುವರಿ ಗಂಟೆಗೆ ಹಣ ಉಂಟೇ? ಪಿ.ಎಫ್. ಕಟ್ಟುತ್ತಾರೆಯೇ? ಉತ್ತರ ಬರವಣಿಗೆಯಲ್ಲಿ ಸಿಗುತ್ತದೆಯೇ?

ರೂಮ್‌ಮೇಟ್ ಕೋರ್ಸ್ ಮುಗಿಸಿದ್ದಾನೆ. ಕೆಲಸ ಇನ್ನೂ ಸಿಕ್ಕಿಲ್ಲ, ಸಾಲದ ಕಂತು ಶುರುವಾಗಿದೆ. ಆದರೂ ಅಧ್ಯಾಯ 1 ಬಿಡುಗಡೆಯಾದ ವಾರ ನನ್ನನ್ನೂ ಚಿತ್ರಕ್ಕೆ ಎಳೆದುಕೊಂಡು ಹೋದ. ಚಿತ್ರ ಮುಗಿದಾಗ ಜನರೆಲ್ಲ ಎದ್ದು ಹೊರಟರು. ಅವನು ಮಾತ್ರ ಕೂತೇ ಇದ್ದ. ಪರದೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ನೂರಾರು ಹೆಸರು ಮೇಲೇರುತ್ತಿದ್ದವು. ‘ಇಷ್ಟು ಬೇಗ ಹೋದರೆ ಓದೋದು ಹೇಗೋ?’ ಎಂದ. ನಾನೂ ಕೂತೆ. ಮುಂದಿನ ಸಲ ನೀವೂ ಎರಡು ನಿಮಿಷ ಕೂತು ನೋಡಿ. ಅವರಲ್ಲಿ ಎಷ್ಟು ಮಂದಿಗೆ ಕೊನೆಯ ಹತ್ತು ದಿನದ ಸಂಬಳ ಸಿಕ್ಕಿರಬಹುದು ಎಂದೂ ಯೋಚಿಸಿ.