ಲೆಕ್ಕಕ್ಕೆ ಸಿಗದ ಗೂಬೆ

ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಖಾನಾಪುರ ತಾಲೂಕಿನ ನಂದಗಡದಲ್ಲಿ. ಅಲ್ಲಿನ ಆಲದ ಮರಕ್ಕೆ ಇವತ್ತಿಗೂ ಜನ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ಅದಕ್ಕೆ ಕೊಡಲಿ ಹಾಕುವ ಧೈರ್ಯ ಯಾವ ಇಲಾಖೆಗೂ ಬರಲಾರದು. ಅದೇ ತಾಲೂಕಿನಲ್ಲಿ ಗೋವಾ ಹೆದ್ದಾರಿ ಅಗಲ ಮಾಡುವಾಗ ಎಷ್ಟೋ ಹಳೇ ಮರಗಳು ಉರುಳಿದವು. ಅವಕ್ಕೆ ಕಥೆ ಇರಲಿಲ್ಲ, ಪೊಟರೆಗಳಷ್ಟೇ ಇದ್ದವು. ಹೆಸರು, ಕಥೆ ಇದ್ದದ್ದನ್ನು ಕಾಯುವುದು ನಮಗೆ ಗೊತ್ತು. ನಮಗೆ ತಿಳಿದೇ ಇಲ್ಲದ ಜೀವಿಯ ಮಾತೇನು?

ಗ್ರೇಟ್ ನಿಕೋಬಾರ್ ದ್ವೀಪದ ಒಂದು ಪುಟ್ಟ ಗೂಬೆಯ ಪಾಡು ನೋಡಿ. 1966ರಲ್ಲಿ ಮತ್ತು ಆಮೇಲೆ ಪಕ್ಷಿತಜ್ಞ ಹುಮಾಯೂನ್ ಅಬ್ದುಲಲಿ ಕ್ಯಾಂಪ್‌ಬೆಲ್ ಬೇ ಬಳಿ ಅದರ ಎರಡು ಮಾದರಿ ಸಂಗ್ರಹಿಸಿದರು. ಬೇರೆ ಜಾತಿಯ ಲೆಕ್ಕದಲ್ಲಿ ಅವು ದಶಕಗಳ ಕಾಲ ಸಂಗ್ರಹಾಲಯದಲ್ಲೇ ಇದ್ದವು. 1998ರಲ್ಲಿ ಪಮೇಲಾ ರಾಸ್ಮುಸೆನ್ ಅವನ್ನು ಕೂಲಂಕಷವಾಗಿ ನೋಡಿ, ಇದು ಹೊಸ ಪ್ರಭೇದ ಎಂದರು. ಅದರ ಬದುಕಿನ ಬಗ್ಗೆ ನಮ್ಮ ತಿಳಿವಳಿಕೆ ಇಂದಿಗೂ ಅಷ್ಟಕ್ಕಷ್ಟೆ. ಅಷ್ಟರಲ್ಲೇ, 2022ರಲ್ಲಿ, ಆ ದ್ವೀಪದ ಬಂದರು-ನಗರ ಯೋಜನೆಗೆ ಪರಿಸರ ಅನುಮತಿ ಸಿಕ್ಕಿತು. ಸುಮಾರು 130 ಚದರ ಕಿಲೋಮೀಟರ್ ಕಾಡು ಅದಕ್ಕೆ ಹೋಗಲಿದೆ. ಬದಲಿ ಕಾಡನ್ನು ಹರಿಯಾಣದಲ್ಲಿ ಬೆಳೆಸುತ್ತಾರಂತೆ!

ಇಂಥ ಯೋಜನೆಗಳ ಕಡತದಲ್ಲಿ ‘ಕಂಡಿಲ್ಲ’ ಎಂಬುದು ಸದ್ದಿಲ್ಲದೆ ‘ಇಲ್ಲ’ ಆಗಿಬಿಡುತ್ತದೆ. ನನ್ನ ತಕರಾರು ಇಷ್ಟೇ. ಹಗಲು ತೊಗಟೆಗೆ ಅಂಟಿದಂತೆ ಕೂರುವ ಹಕ್ಕಿಯನ್ನು ಹಗಲಲ್ಲೇ ಹುಡುಕಿ, ಸಿಗಲಿಲ್ಲವೆಂದು ಷರಾ ಬರೆದರೆ ಅದನ್ನು ಸಮೀಕ್ಷೆ ಎನ್ನುವುದು ಹೇಗೆ? ಹಗಲಲ್ಲೂ ಸಾಕ್ಷಿ ಸಿಗುತ್ತದೆ, ನೆಲ ನೋಡುವವರಿಗೆ. ಗೂಬೆ ಕೂರುವ ಮರದ ಬುಡದಲ್ಲಿ ಅದು ಕಾರಿದ ಬೂದು ಬಣ್ಣದ ಉಂಡೆಗಳು ಬಿದ್ದಿರುತ್ತವೆ. ಒಡೆದು ನೋಡಿದರೆ ಕೂದಲಿನ ನಡುವೆ ಇಲಿಯ ದವಡೆ, ಕಿತ್ತಳೆ ಬಣ್ಣದ ಬಾಚಿಹಲ್ಲು, ದುಂಬಿಯ ಬೆನ್ನಿನ ಚಿಪ್ಪು. ಭತ್ತ ಬೆಳೆಯುವವರಿಗೆ ಗೂಬೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಆದರೂ ಗೂಬೆ ಕೂಗಿದರೆ ಬಾಗಿಲು ಹಾಕಿಕೊಳ್ಳುವವರು, ವಾಮಾಚಾರಕ್ಕೆಂದು ಅದನ್ನು ಕೊಳ್ಳುವವರು ಇನ್ನೂ ಇದ್ದಾರೆ.

“ಗೂಬಿ ಎಣಿಸ್ಕೋತ ಕುಂತ್ರ ನಮಗ ನೀರು ಯಾವಾಗ್ರಿ?” ಎಂದು ಹುಬ್ಬಳ್ಳಿಯವರು ಕೇಳಿದರೆ ಅದನ್ನು ತಳ್ಳಿಹಾಕಲಾಗದು. ಕಳಸಾ-ಬಂಡೂರಿ ಯೋಜನೆಯ ಮಹದಾಯಿ ನೀರು ಬರಬೇಕಾದದ್ದು ಇದೇ ಖಾನಾಪುರದ ಕಾಡಿನಿಂದ. ಆದರೆ ಮಹದಾಯಿ ನ್ಯಾಯಮಂಡಳಿ ರಚನೆಯಾದದ್ದು 2010ರಲ್ಲಿ, ತೀರ್ಪು ಬಂದದ್ದು 2018ರಲ್ಲಿ. ಕರ್ನಾಟಕದ ಪಾಲು 13.42 ಟಿಎಂಸಿ ಎಂದು ದಶಮಾಂಶದ ಎರಡನೇ ಅಂಕಿಯವರೆಗೂ ಅಳೆದೆವು. ಅಷ್ಟು ವರ್ಷಗಳಲ್ಲಿ ಖಾನಾಪುರದ ಕಂಕುಂಬಿ ಕಾಡಿನಲ್ಲಿ ಕಿವಿಗೊಟ್ಟು ಕೂರಲು ರಾತ್ರಿಗಳಿಗೇನು ಬರವಿತ್ತೇ?

ಹುಡುಕಿದರೆ ಯೋಜನೆಗೆ ಅಡ್ಡಿಯೇ ಎದುರಾಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಅದೇ ತಾಲೂಕಿನ ಭೀಮಗಡದ ಬಾರಾಪೇಡೆ ಗುಹೆಗಳ ರಾಟನ್ ಬಾವಲಿಯನ್ನು 1913ರಲ್ಲಿ ವಿಜ್ಞಾನ ಗುರುತಿಸಿತು. ಲೋಕದಲ್ಲಿ ಅದು ಬೇರೆಲ್ಲೂ ಇಲ್ಲವೆಂದೇ ದಶಕಗಳ ಕಾಲ ನಂಬಿದ್ದೆವು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಹುಡುಕಾಟ ಒಮ್ಮೆ ಆತಂಕ ಹೆಚ್ಚಿಸೀತು, ಒಮ್ಮೆ ಇಳಿಸೀತು. ಆದರೆ ಅಷ್ಟು ಕಾಲ ಗುಹೆ ಉಳಿದಿತ್ತಲ್ಲ, ಆದ್ದರಿಂದಲೇ ನಮ್ಮ ತಿಳಿವಳಿಕೆಯನ್ನು ತಿದ್ದಿಕೊಳ್ಳಲು ಅವಕಾಶ ಸಿಕ್ಕಿತು. ಈ ನಡುವೆ ಭೀಮಗಡ ವನ್ಯಜೀವಿಧಾಮವೂ ಆಯಿತು.

ಹಾಗಾಗಿ, ಇದೆಯೆಂದು ತೋರಿಸುವ ಹೊಣೆ ಗೂಬೆಯ ಪರ ಮಾತಾಡುವವರ ಮೇಲಿರಬಾರದು. ಸರಿಯಾದ ಕಾಲದಲ್ಲಿ, ರಾತ್ರಿಹೊತ್ತು ಹುಡುಕಿದ್ದೇವೆಂದು ಕಾಡು ಕೇಳುವವರೇ ತೋರಿಸಬೇಕು. ಅದಕ್ಕೆ ಭಾರೀ ಖರ್ಚೇನೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸದ್ದಿನಲ್ಲಿ ಏನೂ ಕೇಳಿಸದು. ಚಳಿಗಾಲದ ಕೊನೆಗೆ ಹೋಗಬೇಕು. ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿಯೇ ಬರುವುದರಿಂದ ಕಬ್ಬಿಗೆ ನೀರು ಹಾಯಿಸಲು ಹೊಲದಲ್ಲೇ ಇರುವ ರೈತನಿಗೆ ಯಾವ ಕೂಗು ಯಾವ ದಿಕ್ಕಿನದೆಂದು ಗೊತ್ತಿರುತ್ತದೆ. ಸಮೀಕ್ಷೆಯವರು ಮೊದಲು ಅವನನ್ನು ಕೇಳಲಿ, ಕೂಲಿಯನ್ನೂ ಕೊಡಲಿ.