ಹಳೆಯ ಕಂಪ್ಯೂಟರ್ ತಾರೀಕು ಮರೆತರೆ...

ನಿಮ್ಮ ಮನೆಯ ಹಳೆಯ ಕಂಪ್ಯೂಟರ್ ಪ್ರತಿ ಸಲ ಆನ್ ಮಾಡಿದಾಗಲೂ ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತಿದೆಯೇ? ಇಂಟರ್ನೆಟ್ ತೆರೆದರೆ ತಾಣ ಸುರಕ್ಷಿತವಲ್ಲವೆಂದು ಎಚ್ಚರಿಸುತ್ತಿದೆಯೇ? ವೈರಸ್ ಎಂದು ಗಾಬರಿಯಾಗಬೇಡಿ. ಹೆಚ್ಚಾಗಿ ಒಳಗಿನ ಮದರ್‌ಬೋರ್ಡಿನಲ್ಲಿರುವ ನಾಣ್ಯದಂತಹ ಸೆಲ್ ಮುಗಿದಿರುತ್ತದೆ.

ಸಿಆರ್ 2032 ಎಂಬ ಈ 3 ವೋಲ್ಟಿನ ಸೆಲ್, ಕರೆಂಟ್ ಇಲ್ಲದಾಗ ಕಂಪ್ಯೂಟರಿನ ಗಡಿಯಾರವನ್ನೂ 'ಬಯೋಸ್' ಸೆಟ್ಟಿಂಗ್‌ಗಳನ್ನೂ ಕಾಪಾಡುತ್ತದೆ. ಬಯೋಸ್ ಎಂದರೆ ವಿಂಡೋಸ್‌ಗಿಂತ ಮೊದಲು ಎಚ್ಚರಗೊಂಡು ಯಂತ್ರವನ್ನು ಸಿದ್ಧಪಡಿಸುವ ಪುಟ್ಟ ಪ್ರೋಗ್ರಾಂ.

ಸೆಲ್ ಬದಲಿಸುವುದು ಸುಲಭ. ಆದರೆ ಸೆಲ್ ತೆಗೆದಾಗ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಆಗ ಹಾರ್ಡ್ ಡಿಸ್ಕ್ ಜೊತೆ ಮಾತಾಡುವ 'ಸಾಟಾ ಮೋಡ್' ಬದಲಾಗಿಬಿಟ್ಟರೆ ವಿಂಡೋಸ್ ತೆರೆಯದೆ ನೀಲಿ ಪರದೆ ಬರಬಹುದು. ಇಲ್ಲಿ ಅವಸರ ಬೇಡ. ಫಾರ್ಮ್ಯಾಟ್ ಮಾಡಬೇಕೆಂದು ಯಾರಾದರೂ ಹೇಳಿದೊಡನೆ ತಲೆಯಾಡಿಸಿದರೆ, ವರ್ಷಗಳಿಂದ ಕೂಡಿಟ್ಟ ಫೋಟೋಗಳೂ ಕಾಗದಪತ್ರಗಳೂ ಕೈತಪ್ಪಬಹುದು. ನಿಜದಲ್ಲಿ ಅವೆಲ್ಲ ಹಾರ್ಡ್ ಡಿಸ್ಕಿನಲ್ಲಿ ಭದ್ರವಾಗಿಯೇ ಇರುತ್ತವೆ. ಆ ಒಂದು ಸೆಟ್ಟಿಂಗ್ ಮೊದಲಿನಂತಾದರೆ ಸಾಕು.

ಆದ್ದರಿಂದ ಹೀಗೆ ಮಾಡಿ:

1. ಕಂಪ್ಯೂಟರ್ ಸರಿಯಾಗಿ ತೆರೆಯುತ್ತಿರುವಾಗಲೇ ಮುಖ್ಯ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿ.

2. ರೀಸ್ಟಾರ್ಟ್ ಮಾಡಿ, ಮೊದಲ ಪರದೆಯಲ್ಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿರಿ. ಯಾವ ಕೀ ಎಂಬುದನ್ನು ಪರದೆಯೇ ಸಾಮಾನ್ಯವಾಗಿ ತಿಳಿಸುತ್ತದೆ.

3. ಒಂದೊಂದು ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಸಾಟಾ ಮೋಡ್ 'ಐಡಿಇ'ಯೋ 'ಎಎಚ್‌ಸಿಐ'ಯೋ 'ರೇಡ್'ಓ ಎಂದು ಬರೆದಿಡಿ. ಏನನ್ನೂ ಬದಲಿಸದೆ, ಸೇವ್ ಮಾಡದೆ ಹೊರಬನ್ನಿ.

4. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಸೆಲ್ ಬದಲಿಸಿ. ಹಳೆಯದರ ಯಾವ ಮುಖ ಮೇಲಿತ್ತೋ ಹೊಸದನ್ನೂ ಹಾಗೆಯೇ ಕೂರಿಸಿ.

5. ಮತ್ತೆ ಬಯೋಸ್‌ಗೆ ಹೋಗಿ ತಾರೀಕು, ಸಮಯ ಸರಿಪಡಿಸಿ. ಸಾಟಾ ಮೋಡ್ ಬರೆದಿಟ್ಟಂತೆಯೇ ಇರಲಿ. ಸೇವ್ ಮಾಡಿ ಹೊರಬನ್ನಿ. ಹೆಚ್ಚಿನ ಕಂಪ್ಯೂಟರುಗಳಲ್ಲಿ ಇದಕ್ಕೆ ಎಫ್10 ಕೀ.

ಪ್ರೊಸೆಸರಿನ ವೇಗ, ವೋಲ್ಟೇಜ್ ಎಂಬ ಆಯ್ಕೆಗಳ ಗೋಜಿಗೆ ಹೋಗಬೇಡಿ. ಬಯೋಸ್‌ಗೆ ಪಾಸ್‌ವರ್ಡ್ ಇಡುವುದಾದರೆ ಡೈರಿಯಲ್ಲಿ ಬರೆದಿಡಿ.

ಕಂಪ್ಯೂಟರನ್ನು ಅಂಗಡಿಗೇ ಕೊಡುವುದಾದರೂ ಆ ಫೋಟೋಗಳು ನಿಮ್ಮ ಮೊಬೈಲಿನಲ್ಲಿರಲಿ. 'ಮೊದಲು ಸಾಟಾ ಮೋಡ್ ನೋಡಿ, ಆಮೇಲೆ ಫಾರ್ಮ್ಯಾಟ್ ಮಾತು' ಎಂದು ಧೈರ್ಯವಾಗಿ ಹೇಳಿ.

ಮರೆಯಬಾರದ ಇನ್ನೊಂದು ಮಾತು: ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಸಂಶಯವಿದ್ದರೂ ಕಾಯದೆ ಆಸ್ಪತ್ರೆಗೆ ಓಡಿ.