ಮೊಮ್ಮಗನ ಸ್ಟೇರಿಂಗು, ನನ್ನ ತಪ್ಪು ಲೆಕ್ಕ



ಮೂವತ್ತು ವರ್ಷ ಗಣಿತ ಬೋಧಿಸಿದವನು ಲೆಕ್ಕ ತಪ್ಪಿದೆನೆಂದರೆ ನೀವು ನಗುವಿರಿ. ಆದರೂ ಒಪ್ಪಿಕೊಳ್ಳುವುದೇ ಲೇಸು. ಬಳ್ಳಾರಿಯಲ್ಲಿ ನಮ್ಮೊಡನೆ ಇರುವ ಮೊಮ್ಮಗನಿಗೆ, ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದರೆ ಅವನ ಪ್ಲೇಸ್ಟೇಷನ್ 4ಕ್ಕೆ ಕಾರಿನ ಆಟವಾಡುವ ಸ್ಟೇರಿಂಗು ಕೊಡಿಸುವೆನೆಂದು ಮಾತು ಕೊಟ್ಟಿದ್ದೆನು. ಅಂಕಗಳು ಬಂದವು. "ತಾತಾ, ಯಾವುದು ತರಬೇಕು ಅಂತ ನಾನು ಹೇಳ್ಲಾ?" ಎಂದು ಕೇಳಿದನು. "ಆಟದ ಸಾಮಾನಿಗೆ ಇಷ್ಟು ವಿಚಾರವೇಕೋ?" ಎಂದು ಅವನ ಬಾಯಿ ಮುಚ್ಚಿಸಿ, ಇದ್ದುದರಲ್ಲಿ ಅತ್ಯಂತ ಅಗ್ಗವಾದುದನ್ನು ತರಿಸಿದೆನು. ಎಂಟು ದಿನ ಆಡಿದನು. ಒಂಬತ್ತನೆಯ ದಿನ ಅದು ಬೀರುವಿನ ಮೇಲೇರಿತು. ಹುಡುಗ ಒಂದು ಮಾತೂ ದೂರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಕಾರಣ ತಿಳಿದದ್ದು ಸಿರುಗುಪ್ಪದಲ್ಲಿ. ಹಳೆಯ ಶಿಷ್ಯನೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದಾಗ ಅವನ ಮಗನ ಕೋಣೆಯಲ್ಲಿ ಲಾಜಿಟೆಕ್ ಜಿ29 ಎಂಬ ಸ್ಟೇರಿಂಗನ್ನು ಕಂಡೆನು. "ಸಾರ್, ನೀವೂ ಒಮ್ಮೆ ಕೂತು ನೋಡ್ರಿ" ಎಂದು ಶಿಷ್ಯನು ಒತ್ತಾಯಿಸಿದನು. ಆಟ ಗ್ರ್ಯಾನ್ ಟುರಿಸ್ಮೊ 7. ಗಾಡಿಯು ರಸ್ತೆಯ ಅಂಚನ್ನು ಏರಿದಾಗ ಚಕ್ರವು ಗಡಗಡನೆ ನಡುಗಿತು, ತಿರುವಿನಲ್ಲಿ ಭಾರವಾಯಿತು, ಮುಂದಿನ ಗಾಲಿಗಳು ಹಿಡಿತ ಬಿಟ್ಟಾಗ ಹಗುರವಾಯಿತು. ನಾನು ಕುರುಗೋಡಿನಲ್ಲಿದ್ದ ದಿನಗಳಲ್ಲಿ ದೊಡ್ಡಬಸವೇಶ್ವರನ ಜಾತ್ರೆಗೆ ಬಂಡಿ ಹೊಡೆದುಕೊಂಡು ಬರುತ್ತಿದ್ದ ರೈತರು ನೆನಪಾದರು. ಕತ್ತಲಲ್ಲಿಯೂ ಹಗ್ಗದ ಎಳೆತದಿಂದಲೇ ಅವರಿಗೆ ಎತ್ತಿನ ನಡೆ ತಿಳಿಯುತ್ತಿತ್ತು. ನಾನು ತಂದುಕೊಟ್ಟದ್ದರಲ್ಲಿ ಆ ಎಳೆತವೇ ಇರಲಿಲ್ಲ.

ಇದನ್ನು ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಒಳಗಿರುವ ಮೋಟಾರು ಆಟದ ರಸ್ತೆಯ ಸುದ್ದಿಯನ್ನು ಕೈಗೆ ಮುಟ್ಟಿಸುತ್ತದೆ. ತೀರ ಅಗ್ಗದವುಗಳಲ್ಲಿ ಮೋಟಾರಿನ ಬದಲು ಸ್ಪ್ರಿಂಗೋ ರಬ್ಬರಿನ ಪಟ್ಟಿಯೋ ಇದ್ದು, ಅದು ಚಕ್ರವನ್ನು ನಡುವಿಗೆ ಎಳೆಯುವುದಷ್ಟೇ. ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಕಡಿಮೆ ಹಣವಿದ್ದರೆ ಮೋಟಾರಿಲ್ಲದ ಹೊಸದನ್ನು ಕೊಳ್ಳುವುದಕ್ಕಿಂತ ನಾಲ್ಕು ತಿಂಗಳು ಕಾಯಿರಿ, ಇಲ್ಲವೇ ಮೋಟಾರಿರುವ ಹಳೆಯದನ್ನು ಪರೀಕ್ಷಿಸಿ ಕೊಳ್ಳಿರಿ.

ಕೊಳ್ಳುವವರು ಮೊದಲು ತಮ್ಮ ಯಂತ್ರ ಯಾವುದೆಂದು ನೋಡಬೇಕು. ಜಿ29 ಪ್ಲೇಸ್ಟೇಷನ್ನಿಗೆ, ಅದರ ಒಡಹುಟ್ಟಾದ ಜಿ920 ಎಕ್ಸ್‌ಬಾಕ್ಸಿಗೆ. ಒಂದರದ್ದು ಇನ್ನೊಂದಕ್ಕೆ ಒಗ್ಗದು. ಇನ್ನೂ ಕಡಿಮೆ ಬೆಲೆಯಲ್ಲಿ ಥ್ರಸ್ಟ್‌ಮಾಸ್ಟರ್ ಟಿ128 ಉಂಟು; ಅದರಲ್ಲಿಯೂ ಎರಡು ಯಂತ್ರಗಳಿಗೆ ಬೇರೆ ಬೇರೆ ಮಾದರಿಗಳಿವೆ. ಜಿ29ಕ್ಕೆ ಮೂರು ಪೆಡಲು, ಟಿ128ಕ್ಕೆ ಎರಡು. ಕ್ಲಚ್ಚಿಲ್ಲದಿದ್ದರೂ ಆಟಕ್ಕೆ ಕೊರತೆಯಿಲ್ಲ. ಎರಡೂ 900 ಡಿಗ್ರಿ, ಎಂದರೆ ಎರಡೂವರೆ ಸುತ್ತು, ತಿರುಗುತ್ತವೆ. ಅಗ್ಗದವು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತಿಗೇ ನಿಲ್ಲುವುದುಂಟು. ಜಿ29ಕ್ಕೆ ಬೇರೆಯಾಗಿ ಮಾರುವ ಗೇರಿನ ಕೋಲು ಮೊದಲಿಗೆ ಅನಾವಶ್ಯಕ. ಚಕ್ರದ ಹಿಂದಿರುವ ಪಟ್ಟಿಗಳೇ ಸಾಕು. ಆ ಹಣ ಮೋಟಾರಿಗೆ ಸಲ್ಲಲಿ.

ಹಳೆಯದನ್ನು ಕೊಳ್ಳುವಾಗ ಯಂತ್ರಕ್ಕೆ ಜೋಡಿಸಿ ನೋಡದೆ ಹಣ ಕೊಡಬೇಡಿರಿ. ಜಿ29ಕ್ಕೆ ವಿದ್ಯುತ್ ಕೊಟ್ಟು ಜೋಡಿಸಿದೊಡನೆ ಚಕ್ರವು ತಾನಾಗಿ ಎಡಕ್ಕೂ ಬಲಕ್ಕೂ ತಿರುಗಿ ನಡುವಿಗೆ ನಿಲ್ಲಬೇಕು. ಪೆಡಲನ್ನು ನಿಧಾನವಾಗಿ ಒತ್ತಿದಾಗ ಪರದೆಯ ಮೇಲಿನ ಗುರುತು ಜಿಗಿಯದೆ ಏರಬೇಕು. ವಿದ್ಯುತ್ ಅಡಾಪ್ಟರು ಜೊತೆಯಲ್ಲಿರಬೇಕು. ಮನೆಯ ಮೇಜೂ ಗಟ್ಟಿಯಾಗಿರಬೇಕು. ಅಲುಗಾಡುವ ಮೇಜಿಗೆ ಬಿಗಿದರೆ ಚಕ್ರಕ್ಕಿಂತ ಮೇಜೇ ಹೆಚ್ಚು ನಡುಗುವುದು.

ಎಲ್ಲಕ್ಕಿಂತ ಮೊದಲು, ಆಡುವವನನ್ನು ಕೇಳಬೇಕು. ತರಗತಿಯಲ್ಲಿ "ಪ್ರಶ್ನೆ ಕೇಳಿರಿ" ಎಂದು ನಿಮಗೆಲ್ಲ ಹೇಳುತ್ತಿದ್ದವನು ಮನೆಯ ಹುಡುಗನ ಒಂದು ಪ್ರಶ್ನೆಗೆ ಕಿವಿಗೊಡಲಿಲ್ಲ. ಮಿತವ್ಯಯವೆಂದು ನಾನು ಭಾವಿಸಿದ್ದು ದುಂದಾಯಿತು. ಹಣವೂ ಹೋಯಿತು, ಕೊಟ್ಟ ಮಾತೂ ಅರ್ಧವಾಯಿತು.

ಈ ಸಲ ಆಯ್ಕೆ ಅವನದು. ಬಳಸಿದ ಜಿ29 ಒಂದನ್ನು ತಾನೇ ಹುಡುಕಿ, ಪರೀಕ್ಷಿಸಿ ತಂದನು. ಪಿಂಚಣಿಯಿಂದ ಹಣ ಕೊಟ್ಟದ್ದಷ್ಟೇ ನನ್ನ ಪಾತ್ರ. ನಿನ್ನೆ ಸಂಜೆ ಊಟದ ಮೇಜಿಗೆ ಅದನ್ನು ಬಿಗಿದು, "ತಾತಾ, ಮೊದಲು ನೀನೇ ಕೂಡು" ಎಂದನು. ಮೊದಲ ತಿರುವಿನಲ್ಲಿಯೇ ಗೋಡೆಗೆ ಗುದ್ದಿದೆನು. ಅವನು ಬಹಳ ಹೊತ್ತು ನಕ್ಕನು.